ಅಡಿಟಿಪ್ಪಣಿಯಲ್ಲಿ ಸಿಕ್ಕ ವರ್ಗ, ಬೆಂಗಳೂರಿನಲ್ಲಿ ಕಳೆದ ಆರು ತಿಂಗಳು

(ಹೋದ ತಿಂಗಳು ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಮಾಡಿದ ಭಾಷಣದ ಬರಹ ರೂಪ ಇದು. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಮಾತಿಗೆ ಇಳಿಸಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕ್ವಾಂಟಂ, ಅಂದರೆ ಪರಮಾಣುವಿನಂಥ ಅತಿ ಸಣ್ಣ ವಸ್ತುಗಳ ಭೌತಶಾಸ್ತ್ರ, ಅಂದ ಕೂಡಲೇ ಪೆಟ್ಟಿಗೆಯೊಳಗಿನ ಬೆಕ್ಕಿನ ಕಥೆ ಬರುತ್ತದೆ. ಇಲ್ಲದಿದ್ದರೆ ದೇವರು ದಾಳ ಆಡುವುದಿಲ್ಲ ಅನ್ನುವ ಐನ್‌ಸ್ಟೈನ್ ಮಾತು ಬರುತ್ತದೆ. ಎರಡನ್ನೂ ನೀವು ಕೇಳಿಯೇ ಇರುತ್ತೀರಿ. ಆದರೆ ಆ ದಾಳದ ಮಾತು ಯಾರಿಗೆ ಹೇಳಿದ್ದು? ಅದು 1926ರ ಡಿಸೆಂಬರ್ 4ರಂದು ಬರೆದ ಕಾಗದದಲ್ಲಿದೆ. ಕಾಗದ ಹೋದದ್ದು ಜರ್ಮನಿಯ ಗಾಟಿಂಗನ್ ಊರಿಗೆ, ಮ್ಯಾಕ್ಸ್ ಬಾರ್ನ್ ಅವರಿಗೆ. ಕ್ವಾಂಟಂ ಲೆಕ್ಕದೊಳಗೆ ಸಂಭವನೀಯತೆಯನ್ನು ತಂದು ಕೂರಿಸಿದವರು ಅವರೇ. ಅದೇ ಬಾರ್ನ್ ಒಂಬತ್ತು ವರ್ಷದ ನಂತರ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳು ಇದ್ದರು. ಇಲ್ಲೇ ಉಳಿಯುವ ಆಸೆಯೂ ಇತ್ತು. ಉಳಿಯಲಿಲ್ಲ.

ಇವತ್ತು ನಾನು ಅವರ ಕಥೆಯನ್ನೇ ಹಿಡಿದುಕೊಂಡು ಹೋಗುತ್ತೇನೆ. ಪ್ಲಾಂಕ್ 1900ರಲ್ಲಿ ಶಕ್ತಿಯನ್ನು ತುಣುಕು ತುಣುಕಾಗಿ ಎಣಿಸಿದ್ದು, ಐನ್‌ಸ್ಟೈನ್ 1905ರಲ್ಲಿ ಬೆಳಕೇ ತುಣುಕು ಅಂದದ್ದು, ಬೋರ್ 1913ರಲ್ಲಿ ಪರಮಾಣುವಿಗೆ ಮೆಟ್ಟಿಲು ಕಟ್ಟಿದ್ದು, ಇವೆಲ್ಲ ಪಿಯುಸಿ ಪುಸ್ತಕದಲ್ಲಿ ಸಿಗುತ್ತವೆ. ನಾನು ನೇರ 1925ಕ್ಕೆ ಬರುತ್ತೇನೆ.

ಆ ವರ್ಷ ಜೂನ್‌ನಲ್ಲಿ ಬಾರ್ನ್ ಅವರ ಸಹಾಯಕ, ಇನ್ನೂ 23 ವರ್ಷದ ಹೈಸೆನ್‌ಬರ್ಗ್, ಹೂವಿನ ಪರಾಗದ ಅಲರ್ಜಿ ತಾಳಲಾರದೆ ಹೆಲಿಗೋಲ್ಯಾಂಡ್ ಅನ್ನುವ ದ್ವೀಪಕ್ಕೆ ಹೋದರು. ಅಲ್ಲಿಂದ ಒಂದು ವಿಚಿತ್ರವಾದ ಗುಣಾಕಾರ ಹಿಡಿದುಕೊಂಡು ಬಂದರು. ಪಿ ಅಂದರೆ ಕಣದ ಸಂವೇಗ, ಕ್ಯೂ ಅಂದರೆ ಅದು ಇರುವ ಜಾಗ. ಅದರಲ್ಲಿ ಪಿಯನ್ನು ಕ್ಯೂನಿಂದ ಗುಣಿಸಿದರೆ ಒಂದು ಉತ್ತರ, ಕ್ಯೂವನ್ನು ಪಿಯಿಂದ ಗುಣಿಸಿದರೆ ಇನ್ನೊಂದು. ಇದೇನು ಅಂತ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಬಾರ್ನ್ ಅದನ್ನು ನೋಡಿ, ವಿದ್ಯಾರ್ಥಿಯಾಗಿದ್ದಾಗ ಕಲಿತದ್ದು ನೆನಪಾಗಿ, ಇದು ಮ್ಯಾಟ್ರಿಕ್ಸ್ ಗುಣಾಕಾರ, ಅಂದರೆ ಸಂಖ್ಯೆಗಳ ಕೋಷ್ಟಕಗಳನ್ನು ಗುಣಿಸುವ ರೀತಿ, ಅಂತ ಗುರುತಿಸಿದರು. ಪಿಕ್ಯೂನಿಂದ ಕ್ಯೂಪಿಯನ್ನು ಕಳೆದರೆ ಏನು ಉಳಿಯುತ್ತದೆ ಅನ್ನುವ ಸೂತ್ರ ಇದೆಯಲ್ಲ, ಅದು ಬಾರ್ನ್ ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದೆ. ಆದರೆ 1932ರ ನೊಬೆಲ್ ಹೈಸೆನ್‌ಬರ್ಗ್ ಒಬ್ಬರಿಗೇ ಬಂತು. ನಾವು ಮೂವರು, ನೀವು, ಯೋರ್ಡಾನ್ (ಗಾಟಿಂಗನ್‌ನ ಇನ್ನೊಬ್ಬ ಯುವ ವಿಜ್ಞಾನಿ) ಮತ್ತು ನಾನು ಸೇರಿ ಮಾಡಿದ ಕೆಲಸಕ್ಕೆ ನಾನೊಬ್ಬನೇ ಬಹುಮಾನ ತಗೊಳ್ಳುವುದು ಮನಸ್ಸಿಗೆ ಭಾರವಾಗಿದೆ ಅಂತ ಹೈಸೆನ್‌ಬರ್ಗ್ ಅವರೇ ಬಾರ್ನ್‌ಗೆ ಕಾಗದ ಬರೆದರು.

1926ರ ಮೊದಲ ತಿಂಗಳುಗಳಲ್ಲಿ ಶ್ರೋಡಿಂಗರ್ ಬೇರೆ ದಾರಿಯಿಂದ ಬಂದರು. ಅವರದ್ದು ಅಲೆಯ ಸಮೀಕರಣ. ಲೆಕ್ಕ ಸುಲಭ, ಎಲ್ಲರಿಗೂ ಹಿಡಿಸಿತು. ಎಲೆಕ್ಟ್ರಾನ್ ಅನ್ನುವುದು ಕಣವೇ ಅಲ್ಲ, ಹರಡಿಕೊಂಡ ಅಲೆ ಅಷ್ಟೇ, ಅಂತ ಅವರಿಗೆ ಅನಿಸಿತ್ತು. ಬಾರ್ನ್ ಇದನ್ನು ಒಪ್ಪಲಿಲ್ಲ. ಕಾರಣ ಬಹಳ ಸರಳ. ಗಾಟಿಂಗನ್‌ನಲ್ಲೇ ಗೆಳೆಯ ಜೇಮ್ಸ್ ಫ್ರಾಂಕ್ ಅವರ ಪ್ರಯೋಗಶಾಲೆ ಇತ್ತು. ಎಲೆಕ್ಟ್ರಾನ್‌ಗಳನ್ನು ಪರಮಾಣುಗಳಿಗೆ ಡಿಕ್ಕಿ ಹೊಡೆಸುವುದೇ ಅಲ್ಲಿನ ಕೆಲಸ. ದಿನಾ ಕಣ್ಣ ಮುಂದೆ ಕಣ ಬಂದು ಬಡಿಯುತ್ತಿರುವಾಗ ಕಣವೇ ಇಲ್ಲ ಅನ್ನುವುದು ಹೇಗೆ?

ಹಾಗಾದರೆ ಅಲೆ ಅಂದರೆ ಏನು? 1926ರ ಜೂನ್‌ನಲ್ಲಿ ಬಾರ್ನ್ ಡಿಕ್ಕಿಗಳ ಬಗ್ಗೆ ಒಂದು ಸಣ್ಣ ಪ್ರಬಂಧ ಕಳಿಸಿದರು. ಡಿಕ್ಕಿಯಾದ ಮೇಲೆ ಎಲೆಕ್ಟ್ರಾನ್ ಯಾವ ಕಡೆ ಹೋಗುತ್ತದೆ ಅಂತ ಸಿದ್ಧಾಂತ ಹೇಳುವುದಿಲ್ಲ, ಯಾವ ಕಡೆ ಹೋಗುವ ಸಂಭವ ಎಷ್ಟು ಅಂತ ಮಾತ್ರ ಹೇಳುತ್ತದೆ, ಆ ಸಂಭವವನ್ನು ಕೊಡುವುದು ಅಲೆಯ ಎತ್ತರ, ಅಂತ ಅದರಲ್ಲಿ ಬರೆದರು. ಇದು ತಪ್ಪು. ಅಲೆಯ ಎತ್ತರ ಮೈನಸ್ ಕೂಡ ಆಗಬಹುದು, ಸಂಭವ ಮೈನಸ್ ಆಗಲು ಸಾಧ್ಯವಿಲ್ಲ. ಕರಡು ತಿದ್ದುವಾಗ ಬಾರ್ನ್‌ಗೆ ಹೊಳೆಯಿತು. ಪುಟದ ಕೆಳಗೆ ಒಂದು ಅಡಿಟಿಪ್ಪಣಿ ಸೇರಿಸಿದರು. ಇನ್ನೂ ಸರಿಯಾಗಿ ಯೋಚಿಸಿದರೆ ಸಂಭವ ಇರುವುದು ಆ ಎತ್ತರದ ವರ್ಗಕ್ಕೆ, ಅಂದರೆ ಎತ್ತರವನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಅಂತ. ಒಂದೇ ವಾಕ್ಯ.

ಇವತ್ತು ಜಗತ್ತಿನ ಯಾವ ಪ್ರಯೋಗಶಾಲೆಯಲ್ಲಿ ಕ್ವಾಂಟಂ ಲೆಕ್ಕ ಮಾಡಿದರೂ ಕೊನೆಗೆ ಅಳತೆಗೆ ಸಿಗುವ ಸಂಖ್ಯೆ ಬರುವುದು ಆ ಒಂದು ವಾಕ್ಯದಿಂದ. ನನಗಂತೂ ಇದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. 1954ರಲ್ಲಿ, 28 ವರ್ಷ ಕಳೆದ ಮೇಲೆ, ಇದಕ್ಕೆ ನೊಬೆಲ್ ಬಂತು.

ಈ ಸಂಭವ ಎಂಥದ್ದು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಚೌಕಾಬಾರ ಆಡಿರುತ್ತೀರಿ. ನಾಲ್ಕು ಕವಡೆ ಎಸೆದರೆ ಎಷ್ಟು ಬೀಳುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಆದರೆ ಅದು ನಮಗೆ ಗೊತ್ತಿಲ್ಲದ ಕಾರಣಕ್ಕೆ ಅಷ್ಟೇ. ಕೈ ಎಷ್ಟು ತಿರುಗಿತು, ನೆಲ ಎಷ್ಟು ಗಟ್ಟಿ, ಕವಡೆಯ ತೂಕ ಎಲ್ಲಿ ಜಾಸ್ತಿ, ಇದೆಲ್ಲ ಗೊತ್ತಿದ್ದರೆ ಹೇಳಬಹುದು. ಕವಡೆಗೆ ಯಾವ ಸಂದೇಹವೂ ಇಲ್ಲ, ಸಂದೇಹ ನಮ್ಮದು. ಬಾರ್ನ್ ಹೇಳಿದ್ದು ಹಾಗಲ್ಲ. ಗೊತ್ತಿಲ್ಲದ ಸಂಗತಿ ಹಿಂದೆ ಬಚ್ಚಿಟ್ಟುಕೊಂಡಿದೆ ಅಂತ ನಂಬಲು ಕಾರಣವೇ ಇಲ್ಲ, ಸಂಭವವೇ ತಳ, ಅದರ ಕೆಳಗೆ ಅಗೆದರೆ ಏನೂ ಸಿಗುವುದಿಲ್ಲ, ಅಂತ.

1989ರಲ್ಲಿ ಜಪಾನಿನಲ್ಲಿ ಅಕಿರಾ ತೊನೊಮುರಾ ಮತ್ತು ಜೊತೆಗಾರರು ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಎರಡು ದಾರಿ ಇರುವ ಕಡೆ ಬಿಟ್ಟು ಪರದೆಯ ಮೇಲೆ ಹಿಡಿದರು. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕಿ. ಯಾವ ಕ್ರಮವೂ ಕಾಣುವುದಿಲ್ಲ, ಯಾರೋ ಸುಮ್ನೆ ರಂಗೋಲಿ ಪುಡಿ ಚೆಲ್ಲಿದ ಹಾಗೆ. ಚುಕ್ಕಿ ಸಾವಿರಾರು ಆದ ಮೇಲೆ ಪಟ್ಟೆ ಪಟ್ಟೆಯಾಗಿ ಚಿತ್ರ ಮೂಡುತ್ತದೆ. ಒಂದೊಂದು ಚುಕ್ಕಿಯೂ ಕಣ. ಪಟ್ಟೆಯ ಲೆಕ್ಕ ಅಲೆಯ ವರ್ಗ. ಒಂದು ಎಲೆಕ್ಟ್ರಾನ್ ಬಂದು ಬಿದ್ದ ಮೇಲೇ ಇನ್ನೊಂದು ಹೊರಡುತ್ತಿತ್ತು ಅನ್ನುವುದನ್ನು ಮರೆಯಬೇಡಿ.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಪಿಯುಸಿ ಹುಡುಗಿಯೊಬ್ಬಳು ಕೈ ಎತ್ತಿ, "ಸರ್, ಹಾಗಾದ್ರೆ ಎಲೆಕ್ಟ್ರಾನ್‌ಗೆ ಮೊದಲೇ ಗೊತ್ತಿರುತ್ತಾ, ಎಲ್ಲಿ ಬೀಳಬೇಕು ಅಂತ?" ಅಂದಳು. ಇದೇ ಪ್ರಶ್ನೆ ಐನ್‌ಸ್ಟೈನ್ ಅವರದ್ದೂ, ಸ್ವಲ್ಪ ಬೇರೆ ಮಾತಿನಲ್ಲಿ. ಅದಕ್ಕೆ ಉತ್ತರ ಸಿಗುವುದಕ್ಕೆ 1964ರವರೆಗೆ ಕಾಯಬೇಕಾಯಿತು. ಅಲ್ಲಿಗೆ ಬರುತ್ತೇನೆ ಅಂದೆ.

1927ರ ಅಕ್ಟೋಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಸಾಲ್ವೇ ಸಭೆ, ಅಂದರೆ ದೊಡ್ಡ ಭೌತವಿಜ್ಞಾನಿಗಳ ಸಮ್ಮೇಳನ, ನಡೆಯಿತು. 29 ಜನ ಕೂತಿರುವ ಆ ಫೋಟೋ ನೋಡಿರುತ್ತೀರಿ. ಐನ್‌ಸ್ಟೈನ್, ಬೋರ್ ನಡುವಿನ ವಾದ ಅಲ್ಲಿ ಶುರುವಾಯಿತು. ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ನಿಲ್ಲುವುದಿಲ್ಲ.

1933ರ ಏಪ್ರಿಲ್‌ನಲ್ಲಿ ನಾಜಿ ಸರ್ಕಾರ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ತಂದಿತು. ಬಾರ್ನ್ ಯಹೂದಿ ಮೂಲದವರು. ಆ ತಿಂಗಳೇ ಅವರನ್ನು ಕೆಲಸದಿಂದ ಅಮಾನತು ಮಾಡಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಅದೂ ಮುಗಿಯುವ ಹೊತ್ತಿಗೆ ನೆರವಿಗೆ ಬಂದವರು ಸಿ. ವಿ. ರಾಮನ್. ರಾಮನ್ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ನಿರ್ದೇಶಕರಾಗಿ ಬಂದಿದ್ದರು. ಆ ಜಾಗದಲ್ಲಿ ಕೂತ ಮೊದಲ ಭಾರತೀಯ ಅವರು. ಜರ್ಮನಿ ಹೊರಗೆ ಹಾಕಿದ ಇಂಥವರನ್ನು ಇಲ್ಲಿಗೆ ಕರೆದುಕೊಂಡು ಬಂದರೆ ನಮ್ಮಲ್ಲಿ ವಿಜ್ಞಾನ ಎಷ್ಟು ಬೆಳೆಯಬಹುದು ಅಂತ ಅವರು ಲೆಕ್ಕ ಹಾಕಿದ್ದರು. ಬಾರ್ನ್ ದಂಪತಿ 1935ರ ಕೊನೆಯ ಭಾಗದಲ್ಲಿ ಬಂದರು.

ಆ 1935 ಎಂಥ ವರ್ಷ ನೋಡಿ. ಮೇ ತಿಂಗಳಲ್ಲಿ ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ಮೂವರ ಪ್ರಬಂಧ ಬಂತು. ಕ್ವಾಂಟಂ ಸಿದ್ಧಾಂತ ಅಪೂರ್ಣ ಅಂತ ಅವರ ವಾದ. ಅಕ್ಟೋಬರ್‌ನಲ್ಲಿ ಬೋರ್ ಉತ್ತರ. ವರ್ಷದ ಕೊನೆಗೆ ಶ್ರೋಡಿಂಗರ್ ಬೆಕ್ಕು, ಅಂದರೆ ನಾನು ಶುರುವಿಗೆ ಹೇಳಿದ ಪೆಟ್ಟಿಗೆಯ ಕಥೆ. ಅಲೆಯ ವರ್ಗ ಸಂಭವ ಅಂದರೆ ಸಾಕೇ, ಅದರ ಕೆಳಗೆ ಇನ್ನೇನೂ ಇಲ್ಲವೇ ಅಂತ ಯುರೋಪ್, ಅಮೆರಿಕದಲ್ಲಿ ವಾದ ಕಾವೇರಿದ್ದಾಗ, ಆ ವರ್ಗವನ್ನು ಬರೆದ ಮನುಷ್ಯ ಮಲ್ಲೇಶ್ವರದ ಪಕ್ಕದಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ನಡುವೆ ಪಾಠ ಮಾಡುತ್ತಿದ್ದರು. ನಾಗೇಂದ್ರ ನಾಥ್ ಅನ್ನುವ ಯುವ ವಿಜ್ಞಾನಿಯ ಜೊತೆ ಸೇರಿ ಬೆಳಕಿನ ಬಗ್ಗೆ ಪ್ರಬಂಧ ಬರೆದು, ರಾಮನ್ ಆಗಷ್ಟೇ ಕಟ್ಟಿದ್ದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಬಾರ್ನ್ ಅವರಿಗೆ ಕಾಯಂ ಹುದ್ದೆ ಕೊಡಬೇಕು ಅಂತ ರಾಮನ್ ಸಭೆಯಲ್ಲಿ ಬಹಳ ಹೊಗಳಿ ಮಾತಾಡಿದರು. ಆಗ ಇಂಗ್ಲೆಂಡಿನವರೇ ಆದ ಒಬ್ಬ ಪ್ರಾಧ್ಯಾಪಕ ಎದ್ದು, ಸ್ವಂತ ದೇಶದಿಂದಲೇ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಅನ್ನುವ ಅರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿ ಹೆಡಿಯ ಮುಂದೆ ಅತ್ತುಬಿಟ್ಟೆ ಅಂತ ಅವರೇ ಬರೆದುಕೊಂಡಿದ್ದಾರೆ. 1936ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಅವರನ್ನು ಕರೆಯಿತು, ಅಲ್ಲೇ 1953ರವರೆಗೆ ಇದ್ದರು. ರಾಮನ್ ಕೂಡ 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರು, ಅದರ ಹಿಂದೆ ಇದ್ದ ಜಗಳಗಳಲ್ಲಿ ಬಾರ್ನ್ ವಿಷಯವೂ ಒಂದು. ಟಾಟಾ ಇನ್‌ಸ್ಟಿಟ್ಯೂಟಿನ ದಾರಿಯಲ್ಲಿ ಹೋಗುವಾಗ ನನಗೆ ಈ ಸಭೆ ನೆನಪಾಗುತ್ತದೆ, ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ಅದೇ 1935ರಲ್ಲಿ ಇನ್ನೊಂದು ಘಟನೆ ನಡೆಯಿತು, ಅದು ಯಾರ ಕಿವಿಗೂ ಬೀಳಲಿಲ್ಲ. ಕವಡೆಯ ಹಾಗೆ ಹಿಂದೆ ಬಚ್ಚಿಟ್ಟುಕೊಂಡ ಕಾರಣ ಇರಲು ಸಾಧ್ಯವೇ ಇಲ್ಲ ಅಂತ ಜಾನ್ ವಾನ್ ನಾಯ್ಮನ್ 1932ರಲ್ಲಿ ಗಣಿತದ ಪುರಾವೆಯೊಂದನ್ನು ಬರೆದಿದ್ದರು. ಅಷ್ಟು ದೊಡ್ಡ ಗಣಿತಜ್ಞ ಹೇಳಿದ ಮೇಲೆ ಮುಗಿಯಿತು ಅಂತ ಎಲ್ಲರೂ ಸುಮ್ಮನಾದರು. ಗ್ರೇಟೆ ಹರ್ಮನ್ ಅನ್ನುವ ಹೆಣ್ಣುಮಗಳು, ಹೆಸರಾಂತ ಗಣಿತಜ್ಞೆ ಎಮ್ಮಿ ನೋಯ್ಥರ್ ಅವರ ಶಿಷ್ಯೆ, ಇದರಲ್ಲಿ ಒಂದು ತೂತಿದೆ, ಸಾಧಿಸಬೇಕಾದ್ದನ್ನೇ ಮೊದಲು ಊಹೆಯಾಗಿ ಹಿಡಿದಿದ್ದಾರೆ ಅಂತ 1935ರಲ್ಲಿ ಬರೆದರು. ಯಾರೂ ಗಮನಿಸಲಿಲ್ಲ. ಭೌತವಿಜ್ಞಾನಿ ಜಾನ್ ಬೆಲ್ ಅದೇ ತೂತನ್ನು ಮತ್ತೆ ಕಂಡು ಬರೆದದ್ದು ಅಚ್ಚಾಗಿದ್ದು 1966ರಲ್ಲಿ. ಮಧ್ಯೆ 31 ವರ್ಷ! ಆ ವರ್ಷಗಳಲ್ಲಿ ಕ್ವಾಂಟಂ ಲೆಕ್ಕದ ಅರ್ಥ ಕೇಳಿದ ಹುಡುಗರಿಗೆ, ಅದೆಲ್ಲ ತತ್ತ್ವಶಾಸ್ತ್ರ, ನೀನು ಲೆಕ್ಕ ಮಾಡು, ಅನ್ನುವ ಉತ್ತರವೇ ಜಾಸ್ತಿ ಸಿಗುತ್ತಿತ್ತು.

ಬಾರ್ನ್ ಮತ್ತು ಐನ್‌ಸ್ಟೈನ್ ಗೆಳೆತನ ಮಾತ್ರ ಕೊನೆಯವರೆಗೂ ಉಳಿಯಿತು. ಅವರ ಕಾಗದಗಳು ಅಚ್ಚಾಗಿವೆ. ಅದನ್ನು ಓದುತ್ತಾ ಹೋದರೆ ಒಂದು ಸಂಗತಿ ತಿಳಿಯುತ್ತದೆ, ಇವತ್ತು ನಾನು ಹೇಳಲು ಬಂದದ್ದೇ ಇದು. ದಾಳದ ಮಾತಿನಿಂದಾಗಿ ಐನ್‌ಸ್ಟೈನ್ ಅವರ ತಕರಾರು ಸಂಭವದ ಮೇಲೆ ಅಂತ ಎಲ್ಲರೂ ಅಂದುಕೊಂಡರು. ಬಾರ್ನ್ ಕೂಡ ಹಾಗೇ ಅಂದುಕೊಂಡರು. 1954ರಲ್ಲಿ ಇನ್ನೊಬ್ಬ ಕ್ವಾಂಟಂ ವಿಜ್ಞಾನಿ ವೋಲ್ಫ್‌ಗಾಂಗ್ ಪೌಲಿ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋಗಿ ಐನ್‌ಸ್ಟೈನ್ ಜೊತೆ ಮಾತಾಡಿ ಬಾರ್ನ್‌ಗೆ ಕಾಗದ ಬರೆದರು. ನೀವು ನಿಮಗೆ ಬೇಕಾದ ಹಾಗೆ ಒಂದು ಬೆದರುಬೊಂಬೆ ಐನ್‌ಸ್ಟೈನ್ ಮಾಡಿಕೊಂಡು ಅದನ್ನು ಹೊಡೆದು ಬೀಳಿಸುತ್ತಿದ್ದೀರಿ, ಅವರ ಮುಖ್ಯ ಚಿಂತೆ ಅದಲ್ಲವೇ ಅಲ್ಲ, ಅನ್ನುವುದು ಅದರ ಸಾರ. ಐನ್‌ಸ್ಟೈನ್ ಕೇಳುತ್ತಿದ್ದುದು ಬೇರೆ. ನಾವು ನೋಡದೇ ಇದ್ದಾಗ ವಸ್ತು ಒಂದು ನಿಜವಾದ ಸ್ಥಿತಿಯಲ್ಲಿ ಇರುತ್ತದೋ ಇಲ್ಲವೋ? ಇಲ್ಲಿ ನಾನು ಮಾಡಿದ್ದು ದೂರದಲ್ಲಿರುವ ಇನ್ನೊಂದನ್ನು ಆ ಕ್ಷಣಕ್ಕೇ ಮುಟ್ಟಬಹುದೋ? 1947ರ ಮಾರ್ಚ್‌ನಲ್ಲೇ ಅವರು ಬಾರ್ನ್‌ಗೆ ಬರೆದ ಕಾಗದದಲ್ಲಿ, ದೂರದಿಂದಲೇ ದೆವ್ವದ ಹಾಗೆ ಮುಟ್ಟುವ ಆಟ ಭೌತಶಾಸ್ತ್ರದಲ್ಲಿ ಇರಬಾರದು ಅಂದಿದ್ದರು. ಬಾರ್ನ್ ದೊಡ್ಡತನ ಏನೆಂದರೆ, ತಾನು ತಪ್ಪು ತಿಳಿದಿದ್ದೆ ಅಂತ ತೋರಿಸುವ ಪೌಲಿ ಕಾಗದಗಳನ್ನು ಆ ಪುಸ್ತಕದಲ್ಲಿ ತಾವೇ ಸೇರಿಸಿದರು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಒಂದು ಜೊತೆ ಚಪ್ಪಲಿಯಲ್ಲಿ ಒಂದನ್ನು ಹುಬ್ಬಳ್ಳಿಗೂ ಇನ್ನೊಂದನ್ನು ಮಂಗಳೂರಿಗೂ ಪಾರ್ಸೆಲ್ ಮಾಡಿ. ಹುಬ್ಬಳ್ಳಿಯಲ್ಲಿ ಡಬ್ಬ ತೆರೆದಾಗ ಎಡಗಾಲಿನದ್ದು ಕಂಡರೆ ಮಂಗಳೂರಿನದ್ದು ಬಲಗಾಲಿನದ್ದು ಅಂತ ಕೂಡಲೇ ಗೊತ್ತಾಗುತ್ತದೆ. ಇದರಲ್ಲಿ ದೆವ್ವ ಇಲ್ಲ. ಪ್ಯಾಕ್ ಮಾಡುವಾಗಲೇ ತೀರ್ಮಾನವಾಗಿತ್ತು ಅಷ್ಟೇ. ಒಟ್ಟಿಗೆ ಹುಟ್ಟಿ ದೂರ ದೂರ ಹೋದ ಜೋಡಿ ಕಣಗಳೂ ಹೀಗೇ ಇರಬೇಕು ಅಂತ ಐನ್‌ಸ್ಟೈನ್ ಬಯಸಿದರು. ತಪ್ಪೇನಿದೆ, ಅಲ್ವಾ? ನಾವು ಯಾರೇ ಆದರೂ ಮೊದಲು ಹಾಗೇ ಯೋಚಿಸುತ್ತೇವೆ.

1964ರಲ್ಲಿ ಜಾನ್ ಬೆಲ್ ಇದನ್ನು ಪರೀಕ್ಷೆಗೆ ಒಡ್ಡುವ ದಾರಿ ತೋರಿಸಿದರು. ಅವರ ಹೊಟ್ಟೆಪಾಡಿನ ಕೆಲಸ ಜಿನೀವಾದ ಸರ್ನ್ ಅನ್ನುವ ಕಣ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ, ಇದು ಬಿಡುವಿನಲ್ಲಿ ಮಾಡಿದ್ದು. ಅವರ ವಾದವನ್ನು ಸರಳ ಮಾಡಿ ಹೇಳುತ್ತೇನೆ. ಅಕ್ಕ ತಂಗಿ ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ. ಮೂರು ಪ್ರಶ್ನೆಗಳಿವೆ. ಪ್ರತಿಯೊಬ್ಬರಿಗೂ ಅದರಲ್ಲಿ ಯಾವುದೋ ಒಂದನ್ನು ಕೇಳುತ್ತೀರಿ, ಉತ್ತರ ಹೌದು ಅಥವಾ ಇಲ್ಲ. ಇಬ್ಬರಿಗೂ ಒಂದೇ ಪ್ರಶ್ನೆ ಬಿದ್ದಾಗ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಾರೆ. ಕೋಣೆಯಿಂದ ಕೋಣೆಗೆ ಮಾತಿಲ್ಲ ಅಂದರೆ ಇದಕ್ಕೆ ಒಂದೇ ದಾರಿ. ಒಳಗೆ ಹೋಗುವ ಮೊದಲೇ ಮೂರಕ್ಕೂ ಉತ್ತರ ಮಾತಾಡಿಕೊಂಡಿರಬೇಕು. ಮೂರು ಉತ್ತರ, ಇರುವುದು ಎರಡೇ ಬಗೆ. ಹಾಗಾಗಿ ಮೂರರಲ್ಲಿ ಎರಡಾದರೂ ಒಂದೇ ಇರಲೇಬೇಕು. ಬೇರೆ ಬೇರೆ ಪ್ರಶ್ನೆ ಕೇಳಿದಾಗ ಒಂದು ಎರಡು, ಎರಡು ಮೂರು, ಒಂದು ಮೂರು ಅಂತ ಮೂರು ಜೋಡಿ ಆಗುತ್ತವೆ. ಅದರಲ್ಲಿ ಒಂದು ಜೋಡಿಯಾದರೂ ಹೊಂದುತ್ತದೆ. ಅಂದರೆ ಪ್ರಶ್ನೆ ಬೇರೆ ಇದ್ದಾಗಲೂ ಮೂರಕ್ಕೆ ಒಂದು ಸಲವಾದರೂ ಉತ್ತರ ಒಂದೇ ಬರಬೇಕು. ಅಕ್ಕ ತಂಗಿ ಎಷ್ಟೇ ಜಾಣೆಯರಾದರೂ ಇದಕ್ಕಿಂತ ಕಡಿಮೆ ಮಾಡಲಾರರು.

ಈಗ ಅಕ್ಕ ತಂಗಿಯ ಬದಲು ಎರಡು ಫೋಟಾನ್, ಅಂದರೆ ಒಟ್ಟಿಗೆ ಹುಟ್ಟಿದ ಬೆಳಕಿನ ಎರಡು ತುಣುಕು. ಮೂರು ಪ್ರಶ್ನೆಯ ಬದಲು 60 ಡಿಗ್ರಿ ಅಂತರದಲ್ಲಿ ತಿರುಗಿಸಿಟ್ಟ ಪೋಲರೈಸರ್‌ನ (ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ದಾಟಲು ಬಿಡುವ ಗಾಜು) ಮೂರು ಸ್ಥಾನ. ಬೆಳಕು ದಾಟುತ್ತದೋ ಇಲ್ಲವೋ ಅನ್ನುವುದೇ ಉತ್ತರ. ಕ್ವಾಂಟಂ ಲೆಕ್ಕ ಏನು ಹೇಳುತ್ತದೆ? ಕಾಸ್ 60 ಅರ್ಧ. ಬಾರ್ನ್ ಅಡಿಟಿಪ್ಪಣಿ ಹೇಳಿದಂತೆ ಅದನ್ನು ವರ್ಗ ಮಾಡಿ. ಕಾಲು. ನಾಲ್ಕಕ್ಕೆ ಒಂದೇ ಸಲ ಹೊಂದುತ್ತದೆ. ಮೂರಕ್ಕೆ ಒಂದಕ್ಕಿಂತ ಕಡಿಮೆ!

ಯಾವುದು ಸರಿ ಅಂತ ನೋಡಲು ಪ್ರಯೋಗವೇ ಆಗಬೇಕು. 1972ರಲ್ಲಿ ಬರ್ಕ್ಲಿಯಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್, 1982ರಲ್ಲಿ ಫ್ರಾನ್ಸಿನ ಓರ್ಸೇಯಲ್ಲಿ ಅಸ್ಪೆ ತಂಡ, 2015ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ದೂರ ಇಟ್ಟು ಮಾಡಿದ್ದು. ಈ ಪ್ರಯೋಗಗಳಲ್ಲಿ ಬಳಸಿದ ಅಸಮತೆಗಳು, ಅಂದರೆ ಇಂಥ ಮಿತಿಗಳು, ನಾನು ಹೇಳಿದ್ದಕ್ಕಿಂತ ಸ್ವಲ್ಪ ಬೇರೆ ರೂಪದವು, ಹುರುಳು ಅದೇ. ಎಲ್ಲವೂ ಕ್ವಾಂಟಂ ಕಡೆಗೇ ಬಂದವು. 2022ರ ನೊಬೆಲ್ ಕ್ಲೌಸರ್, ಅಸ್ಪೆ, ಝೈಲಿಂಗರ್ ಅವರಿಗೆ ಹೋಯಿತು. ಚಪ್ಪಲಿ ಲೆಕ್ಕ ಕಣಗಳಿಗೆ ಹೊಂದುವುದಿಲ್ಲ. ಒಂದೋ ಉತ್ತರಗಳು ಮೊದಲೇ ತೀರ್ಮಾನವಾಗಿರುವುದಿಲ್ಲ, ಇಲ್ಲವೋ ದೂರದ ಎರಡು ಕಡೆಗಳ ನಡುವೆ ನಮಗೆ ಅರ್ಥವಾಗದ ನಂಟಿದೆ. ಆ ನಂಟಿನಿಂದ ಸುದ್ದಿ ಕಳಿಸಲು ಮಾತ್ರ ಆಗುವುದಿಲ್ಲ, ಅದನ್ನೂ ಕ್ವಾಂಟಂ ಲೆಕ್ಕವೇ ಹೇಳುತ್ತದೆ.

ಐನ್‌ಸ್ಟೈನ್ ಸೋತರು ಅಂತ ಇಲ್ಲಿ ಬರೆಯುವವರು ಬಹಳ. ನಾನು ಹಾಗೆ ಹೇಳುವುದಿಲ್ಲ. ಅವರು ಬಯಸಿದ ಉತ್ತರ ಸಿಗಲಿಲ್ಲ, ನಿಜ. ಆದರೆ ಸರಿಯಾದ ಜಾಗದಲ್ಲಿ ಬೆರಳಿಟ್ಟವರು ಅವರು. ಬಾರ್ನ್, ಬೋರ್ ಇಬ್ಬರೂ ಇದರಲ್ಲಿ ಪ್ರಶ್ನೆಯೇ ಇಲ್ಲ ಅಂದುಕೊಂಡಿದ್ದ ಜಾಗ ಅದು. ಐನ್‌ಸ್ಟೈನ್ ಹಟ ಹಿಡಿಯದೇ ಇದ್ದಿದ್ದರೆ ಬೆಲ್ ಅವರಿಗೆ ಹಿಡಿಯಲು ಎಳೆಯೇ ಇರುತ್ತಿರಲಿಲ್ಲ.

ಈಗ ಕ್ವಾಂಟಂ ಸಿದ್ಧಾಂತಕ್ಕೆ ಅರ್ಥ ಹೇಳುವವರು ಹಲವರಿದ್ದಾರೆ. ನಾನು ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮಲ್ಲಿ ವರ್ಗ ಎಲ್ಲಿಂದ ಬಂತು? ಡೇವಿಡ್ ಬೋಮ್ 1952ರಲ್ಲಿ ಕಣಕ್ಕೆ ಯಾವಾಗಲೂ ಒಂದು ಜಾಗ ಇದೆ, ಅಲೆ ಅದನ್ನು ನಡೆಸುತ್ತದೆ ಅಂದರು. ಅವರಲ್ಲಿ ದೂರದ ನಂಟು ಬಹಿರಂಗವಾಗಿಯೇ ಇದೆ, ವರ್ಗ ಬರಬೇಕಾದರೆ ಕಣಗಳು ಮೊದಲೇ ಆ ಅಳತೆಯಲ್ಲಿ ಹರಡಿರಬೇಕು. ಹ್ಯೂ ಎವರೆಟ್ 1957ರಲ್ಲಿ ಎಲ್ಲ ಉತ್ತರಗಳೂ ಆಗುತ್ತವೆ, ಬೇರೆ ಬೇರೆ ಕವಲುಗಳಲ್ಲಿ, ಅಂದರು. ಎಲ್ಲವೂ ಆಗುವುದಾದರೆ ಸಂಭವ ಅನ್ನುವ ಮಾತಿಗೆ ಏನರ್ಥ, ವರ್ಗ ಹೇಗೆ ಬರುತ್ತದೆ, ಅಂತ ಅವರ ಕಡೆಯವರು ಇವತ್ತಿಗೂ ವಾದ ಮಾಡುತ್ತಿದ್ದಾರೆ. ಬೋರ್ ಮತ್ತು ಜೊತೆಗಾರರ ಹಳೆಯ ಕೋಪನ್‌ಹೇಗನ್ ದಾರಿಯಲ್ಲಿ ಅದನ್ನು ನಿಯಮ ಅಂತ ಇಟ್ಟುಕೊಂಡು ಮುಂದೆ ಹೋಗುತ್ತಾರೆ. ನನಗೆ ಇವುಗಳಲ್ಲಿ ಯಾವುದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ಯಾರು ಎಲ್ಲಿ ಕಷ್ಟಪಡುತ್ತಿದ್ದಾರೆ ಅಂತ ಚೆನ್ನಾಗಿ ಕಾಣುತ್ತದೆ.

ಹಿರಿಯರೊಬ್ಬರು ಎದ್ದು, ಇದೆಲ್ಲ ಉಪನಿಷತ್ತಿನಲ್ಲಿ ಮೊದಲೇ ಇತ್ತಲ್ಲವೇ ಅಂತ ಕೇಳಿದರು. ಶ್ರೋಡಿಂಗರ್ ವೇದಾಂತವನ್ನು ಪ್ರೀತಿಯಿಂದ ಓದಿದವರು, ಅದರ ಬಗ್ಗೆ ಬರೆದವರು, ಇದು ನಿಜ. ಆದರೆ ಸಂಭವ ಮೂರಕ್ಕೆ ಒಂದೋ ನಾಲ್ಕಕ್ಕೆ ಒಂದೋ ಅನ್ನುವುದನ್ನು ಯಾವ ಧ್ಯಾನದಿಂದಲೂ ಹೇಳಲಾಗದು, ಎಣಿಸಿಯೇ ನೋಡಬೇಕು. ಎರಡನ್ನೂ ಗೌರವಿಸುವವರು ಒಂದನ್ನು ಇನ್ನೊಂದರ ಸಾಕ್ಷಿಯಾಗಿ ನಿಲ್ಲಿಸಬಾರದು ಅಂತ ನನ್ನ ಅಭಿಪ್ರಾಯ. ಅವರು ತಲೆದೂಗಿ ಕೂತರು, ಒಪ್ಪಿದರೋ ಇಲ್ಲವೋ ಆಮೇಲೆ ಕೇಳಲು ಆಗಲಿಲ್ಲ.

ಇನ್ನೊಂದೇ ಪ್ರಯೋಗ ಹೇಳಿ ಮುಗಿಸುತ್ತೇನೆ. ನಿಜವಾಗಿಯೂ ವರ್ಗವೇನಾ? ಘನ ಅಥವಾ ಇನ್ನೇನಾದರೂ ಸ್ವಲ್ಪ ಬೆರೆತಿರಬಹುದಲ್ಲ? ಎಂಟನೇ ಕ್ಲಾಸಿನ ಬೀಜಗಣಿತ ನೆನಪು ಮಾಡಿಕೊಳ್ಳಿ. ಎ ಪ್ಲಸ್ ಬಿ ಪ್ಲಸ್ ಸಿ ಹೋಲ್ ಸ್ಕ್ವೇರ್ ಬಿಡಿಸಿದರೆ ಏನು ಬರುತ್ತದೆ? ಮೂರು ವರ್ಗಗಳು, ಆಮೇಲೆ 2ಎಬಿ, 2ಬಿಸಿ, 2ಸಿಎ. ಎಬಿಸಿ ಮೂರೂ ಸೇರಿದ ಪದ ಬರುವುದೇ ಇಲ್ಲ. ಅಂದರೆ ಬೆಳಕಿಗೆ ಮೂರು ಸೀಳು ಇಟ್ಟರೆ, ಅಲೆಗಳು ಜೋಡಿ ಜೋಡಿಯಾಗಿ ಮಾತ್ರ ಬೆರೆಯಬೇಕು, ಮೂರೂ ಒಟ್ಟಿಗೆ ಬೆರೆಯುವ ಹೊಸದೊಂದು ಪಾಲು ಸೊನ್ನೆಯಾಗಬೇಕು. ರಫೇಲ್ ಸೋರ್ಕಿನ್ 1994ರಲ್ಲಿ ಇದನ್ನು ಎತ್ತಿ ತೋರಿಸಿದರು. 2010ರಲ್ಲಿ ಕೆನಡಾದ ವಾಟರ್‌ಲೂನಲ್ಲಿ ಇದನ್ನು ಮಾಡಿ ನೋಡಿದರು. ಮೂರು ಸೀಳನ್ನು ತೆರೆದು ಮುಚ್ಚಿ ಎಂಟು ಬಗೆಯಲ್ಲಿ ಜೋಡಿಸಿ ಎಣಿಸಿದರು. ಮೂರರ ಪಾಲು ಏನಾದರೂ ಇದ್ದರೆ ಅದು ಜೋಡಿಗಳ ಪಾಲಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಅಂತ ಬಂತು. ಆ ಪ್ರಬಂಧದ ಮೊದಲ ಹೆಸರು ಉರ್ಬಸಿ ಸಿನ್ಹಾ. ಅವರು ಆಮೇಲೆ ಬಂದು ಪ್ರಯೋಗಶಾಲೆ ಕಟ್ಟಿದ್ದು ಬೆಂಗಳೂರಿನ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನಿಂದ ಸ್ವಲ್ಪವೇ ದೂರ. ಬಾರ್ನ್ ಅವರನ್ನು ಉಳಿಸಿಕೊಳ್ಳಲಾಗದ ರಾಮನ್ 1948ರಲ್ಲಿ ಸ್ವತಃ ಕಟ್ಟಿದ ಸಂಸ್ಥೆ ಅದು. 2014ರಲ್ಲಿ ಅಲ್ಲಿಂದಲೇ ಇನ್ನೊಂದು ಲೆಕ್ಕ ಬಂತು. ಬೆಳಕು ಒಂದು ಸೀಳಿನಿಂದ ಹೊರಟು ಇನ್ನೊಂದಕ್ಕೆ ಸುತ್ತು ಹಾಕಿ ಬರುವ ದಾರಿಗಳನ್ನೂ ಸೇರಿಸಿದರೆ, ವರ್ಗದ ನಿಯಮ ಹಾಗೇ ಇದ್ದರೂ ಆ ಸೊನ್ನೆ ಕೂದಲೆಳೆಯಷ್ಟು ಸರಿಯುತ್ತದೆ ಅಂತ. ಹಾಗಾಗಿ ಇನ್ನೂ ಸೂಕ್ಷ್ಮವಾಗಿ ಅಳೆಯುವವರು ಆ ಸುತ್ತು ದಾರಿಗಳನ್ನು ಮೊದಲು ಕಳೆಯಬೇಕು.

ಭಾಷಣ ಮುಗಿದು ಕುರ್ಚಿ ಎತ್ತಿಡುತ್ತಿದ್ದಾಗ ಆ ಪಿಯುಸಿ ಹುಡುಗಿ ಚಾಕ್‌ಪೀಸ್ ತಗೊಂಡು ಬೋರ್ಡಿನ ಮೇಲೆ ಹೋಲ್ ಸ್ಕ್ವೇರ್ ಬದಲು ಹೋಲ್ ಕ್ಯೂಬ್ ಬಿಡಿಸುತ್ತಿದ್ದಳು. "ಇದರಲ್ಲಿ 6ಎಬಿಸಿ ಬರತ್ತೆ ಸರ್" ಅಂದಳು.